ಫೋರ್ಕ್‌ಲಿಫ್ಟ್, ಕೈಟ್ರಾಲಿ: ಮಳೆಗೆ ಮುಂಚೆ ಎಂತ ಸರಿಮಾಡಬೇಕು?

ಪ್ರಶ್ನೆ: ಬೈಕಂಪಾಡಿಯ ಒಂದು ಗೇರುಬೀಜದ ಗೋದಾಮಿಗೆ ಸೂಪರ್‌ವೈಸರ್ ಆಗಿ ಸೇರಿ ಎರಡು ತಿಂಗಳಾಯಿತು. ಮೂರು ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್ ಒಂದು, ಪ್ಯಾಲೆಟ್ (ಸಾಮಾನು ಪೇರಿಸುವ ಹಲಗೆ) ಎತ್ತುವ ಕೈಟ್ರಾಲಿ ನಾಲ್ಕು ಉಂಟು. ಕಳೆದ ವಾರ ಟ್ರಾಲಿ ಒಬ್ಬ ಹುಡುಗನ ಹಿಮ್ಮಡಿಗೆ ಬಡಿಯಿತು. ಮಳೆ ಬೇರೆ ಹತ್ತಿರ ಬಂತು. ಅನುಭವ ಇದ್ದವರು ಹೇಳಿ.

ಪಣಂಬೂರಿನಿಂದ, ಲೋಡಿಂಗ್ ಮೇಸ್ತ್ರಿ:
ಹುಡುಗ ಟ್ರಾಲಿ ಎಳೆಯುತ್ತಿದ್ದ, ಅಲ್ವಾ? ತಳ್ಳಲು ಹೇಳಿ. ಎಳೆದರೆ ಹೊರೆ ಬೆನ್ನ ಹಿಂದೆ. ನಾವು ನಿಂತರೂ ಅದು ನಿಲ್ಲುವುದಿಲ್ಲ, ಹೆಚ್ಚಿನ ಕೈಟ್ರಾಲಿಗೆ ಬ್ರೇಕೇ ಇಲ್ಲ. ಎರಡೂವರೆ ಟನ್ ಅಂತ ಬರೆದಿರುವುದು ಟ್ರಾಲಿಯ ತಾಕತ್ತು, ಹುಡುಗನದ್ದಲ್ಲ. 80 ಕೆಜಿಯ ಗೋಣಿ ಹನ್ನೆರಡು ಹೇರಿದರೆ ಟನ್ನಿನ ಹತ್ತಿರ ಬಂತು. ಇಳಿಜಾರಿಗೆ ಟ್ರಾಲಿ ಬೇಡವೇ ಬೇಡ. ಚಪ್ಪಲಿ ಹಾಕಿದವನ ಕೈಗೂ ಕೊಡಬೇಡಿ.

ಫೋರ್ಕ್‌ಲಿಫ್ಟ್ ಆಪರೇಟರ್, ಹದಿನಾಲ್ಕು ವರ್ಷ:
ಮೊದಲು ಎಷ್ಟು ಭಾರ ಎತ್ತಬಹುದು ಅಂತ ಬರೆದ ಗಾಡಿಯ ಪ್ಲೇಟ್ ಓದಿ. ಮೂರು ಟನ್ ಅಂದರೆ ಯಾವಾಗಲೂ ಮೂರು ಟನ್ ಅಲ್ಲ. ಹೊರೆಯ ನಡುಭಾಗ ಫೋರ್ಕಿನ, ಅಂದರೆ ಹೊರೆ ಎತ್ತುವ ಮುಂದಿನ ಕಬ್ಬಿಣದ ಕೈಗಳ, ಬುಡದಿಂದ ಇಷ್ಟು ದೂರ ಅಂತ ಲೆಕ್ಕ ಇರುತ್ತದೆ, ಸಾಮಾನ್ಯವಾಗಿ 500 ಮಿಲಿಮೀಟರ್. ಅದು ಮುಂದೆ ಹೋದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ನಾನೇ ಒಮ್ಮೆ ಉದ್ದದ ಮೆಷಿನ್ ಪೆಟ್ಟಿಗೆಯನ್ನು ತುದಿಯಿಂದ ಎತ್ತಲು ಹೋದೆ. ಹಿಂದಿನ ಚಕ್ರ ಗಾಳಿಗೆ! ಸ್ಟೀರಿಂಗ್ ತಿರುಗುವುದು ಹಿಂದಿನ ಚಕ್ರದಲ್ಲಿ, ಮತ್ತೆ ಎಂತ ತಿರುಗಿಸುವುದು? ಭಾರಕ್ಕೆ ಅಂತ ಹಿಂದೆ ಇಬ್ಬರು ಹತ್ತಿ ನಿಂತರು. ಈಗ ನೆನೆದರೆ ಮೈ ನಡುಗುತ್ತದೆ. ಆ ಚಾಳಿ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ.
ಹೋಗುವಾಗ ಫೋರ್ಕ್ ನೆಲದಿಂದ ಒಂದು ಗೇಣಿಗಿಂತ ಮೇಲೆ ಬೇಡ. ಲೋಡಿನ ಜೊತೆ ರ‍್ಯಾಂಪ್ ಇಳಿಯುವುದು ರಿವರ್ಸಿನಲ್ಲಿ. ಗಾಡಿ ಮಗುಚಿದರೆ ಹಾರಬಾರದು. ಹಾರಿದವನ ಮೇಲೆಯೇ ಅದು ಬೀಳುತ್ತದೆ. ಬೆಲ್ಟ್ ಹಾಕಿ, ಸ್ಟೀರಿಂಗ್ ಗಟ್ಟಿ ಹಿಡಿದು ಸೀಟಿನಲ್ಲೇ ಇರಬೇಕು.

ಉಡುಪಿಯಿಂದ, ಸ್ಟೋರ್ ಕೀಪರ್:
ಮಳೆಯ ವಿಷಯ ಯಾರೂ ಹೇಳಲಿಲ್ಲ. ನೀರು ಒಳಗೆ ಬಾರದ ಹಾಗೆ ಬಾಗಿಲಿಗೆ ಗೋಣಿ ಹಾಸುತ್ತಾರಲ್ವಾ, ಅದು ಟ್ರಾಲಿಯ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಯಾರ್ಡಿನ ಕೆಂಪು ಮಣ್ಣು ಟೈರಿಗೆ ಮೆತ್ತಿ ಒಳಗೆ ಬಂದರೆ ನೆಲ ಸೋಪು ಹಾಕಿದ ಹಾಗೆ. ಇನ್ನೊಂದು, ಎರಚಲು ಅಂತ ಶಟರ್ ಎಳೆದು ಡೀಸೆಲ್ ಗಾಡಿ ಓಡಿಸುತ್ತಾರೆ. ನಮ್ಮಲ್ಲಿ ಇಬ್ಬರಿಗೆ ತಲೆಸುತ್ತು ಬಂತು. ಸೆಕೆ ಅಂದುಕೊಂಡೆವು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಒದ್ದೆಯಾದರೂ ಅಡ್ಡಿಯಿಲ್ಲ, ಎದುರುಬದುರು ಎರಡು ಶಟರ್ ತೆರೆದಿಡಿ.

ಇನ್ನೊಬ್ಬರು:
ಊಟಕ್ಕೆ ಹೋಗುವಾಗ ಫೋರ್ಕ್ ನೆಲಕ್ಕೆ, ಹ್ಯಾಂಡ್‌ಬ್ರೇಕ್, ಕೀ ಆಪರೇಟರನ ಕಿಸೆಯಲ್ಲಿ. ನಮ್ಮಲ್ಲಿ ಒಬ್ಬ ಕ್ಲೀನರ್ ಸುಮ್ನೆ ನೋಡುವ ಅಂತ ಹತ್ತಿ ಗೋಡೆ ಒಡೆದ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಪ್ಲೇಟ್ ನೋಡಲು ಹೋದೆ. ಅದರ ಮೇಲೆಯೇ ಹಳದಿ ಪೇಂಟ್ ಬಳಿದಿದ್ದಾರೆ ಮಾರಾಯ್ರೆ. ಥಿನ್ನರ್ ತರಲು ಕಳಿಸಿದ್ದೇನೆ.