ಕಾಲುಬಾಯಿ ಲಸಿಕೆ, ಸಂತೆ ಬಂದ್: ಡಾಕ್ಟರಿಗೆ ಕೇಳಿ

ಅಡ್ಮಿನ್: ಪಕ್ಕದ ಹೋಬಳಿಯಲ್ಲಿ ಕಾಲುಬಾಯಿ ಜ್ವರ ಕಾಣಿಸಿದೆ. ದನದ ಸಂತೆ ನಿಲ್ಲಿಸಿದ್ದಾರೆ. ನಮ್ಮೂರಿಗೆ ಈ ವಾರ ಲಸಿಕೆ ಬರುತ್ತದೆ. ಡಾಕ್ಟರ್ ಮೇಡಂ ಸಂಜೆ ಬಿಡುವು ಮಾಡಿಕೊಂಡಿದ್ದಾರೆ. ಕೇಳುವುದಿದ್ದರೆ ಕೇಳಿ.

ಎರಡು ಹಸು: ನಮಸ್ಕಾರ ಮೇಡಂ. ನಮ್ಮ ಹಸು ಎಂಟು ತಿಂಗಳ ಗಬ್ಬ. ಲಸಿಕೆ ಹಾಕಿಸಬಹುದಾ?

ಪಶುವೈದ್ಯೆ: ನಮಸ್ಕಾರ. ತುಂಬು ಗಬ್ಬದ ಹಸುವನ್ನು ಈ ಸುತ್ತಿನಲ್ಲಿ ಬಿಡುತ್ತೇವೆ. ಕರು ಹಾಕಿದ ಮೇಲೆ ಮರೆಯದೆ ಹಾಕಿಸಿ. ನಾಲ್ಕು ತಿಂಗಳು ತುಂಬದ ಕರುವಿಗೂ ಈಗ ಬೇಡ.

ತೋಟದ ಮನೆ: ಲಸಿಕೆ ಹಾಕಿದರೆ ಹಾಲು ಇಳಿಯುತ್ತದೆ ಅಂತಾರೆ. ನಿಜಾನಾ?

ಪಶುವೈದ್ಯೆ: ಎರಡು ಮೂರು ದಿನ ಸ್ವಲ್ಪ ಇಳಿಯಬಹುದು, ಮತ್ತೆ ಬರುತ್ತದೆ. ರೋಗವೇ ಬಂದರೆ ಆ ಸೂಲಿನ ಹಾಲು ಹೋದಂತೆಯೇ.

ಕುರಿಹಟ್ಟಿ: ಮೇಡಂ, ಕುರಿಗಳಿಗೆ ಪಿಪಿಆರ್ (ಕುರಿ, ಮೇಕೆಗಳ ಪ್ಲೇಗ್) ಲಸಿಕೆ ಯಾವಾಗ ಬರುತ್ತದೆ?

ಹಳ್ಳಿಹೈದ: ಇದು ಬೇರೆ ಗುಂಪಿನಿಂದ ಬಂದಿದ್ದು. "ಲಸಿಕೆಯಿಂದ ಹಸು ಬರಡಾಗುತ್ತದೆ. ಗೊರಸಿನ ಹುಣ್ಣಿಗೆ ಸೀಮೆಎಣ್ಣೆ ಹಾಕಿ, ಕಾದ ಮರಳಿನ ಮೇಲೆ ನಡೆಸಿ, ಮೂರೇ ದಿನದಲ್ಲಿ ವಾಸಿ. ಎಲ್ಲ ರೈತರಿಗೂ ಕಳಿಸಿ." ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕಿದೆ.

ಪಶುವೈದ್ಯೆ: ಯಾರಿಗೂ ಉಪಯೋಗವಿಲ್ಲ, ತೆಗೆದುಹಾಕಿ. ಲಸಿಕೆಯಲ್ಲಿರುವುದು ಸತ್ತ ವೈರಸ್. ಅದರಿಂದ ರೋಗವೂ ಬರುವುದಿಲ್ಲ, ಹಸು ಬರಡೂ ಆಗುವುದಿಲ್ಲ. ಸೀಮೆಎಣ್ಣೆ ಹಾಕಿದರೆ ಹಸಿ ಹುಣ್ಣು ಸುಟ್ಟುಹೋಗುತ್ತದೆ. ಗೊರಸು ಕಳಚಿಬಿದ್ದ ಹಸುಗಳನ್ನು ನಾನು ನೋಡಿದ್ದೇನೆ. ಕಾಲು ತೊಳೆಯಬೇಕಾದರೆ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿದ ತಿಳಿ ಗುಲಾಬಿ ನೀರು ಸಾಕು. ಕೊಟ್ಟಿಗೆ ನೆಲಕ್ಕೆ ವಾಷಿಂಗ್ ಸೋಡಾ, ಲೀಟರಿಗೆ 40 ಗ್ರಾಂ. ಕೈಗೆ ಸಿಕ್ಕಿದ್ದನ್ನೆಲ್ಲ ಹೀಗೆ ಕಳಿಸಬೇಡಿ.

ಹಳ್ಳಿಹೈದ: ನಮ್ಮೂರಲ್ಲಿ ಲಸಿಕೆ ಹಾಕಿದ ಐದೇ ದಿನಕ್ಕೆ ರೋಗ ಬಂತಲ್ಲ ಮೇಡಂ, ಅದಕ್ಕೇನಂತೀರಿ?

ಪಶುವೈದ್ಯೆ: ಲಸಿಕೆ ಹಾಕುವಾಗಲೇ ರೋಗ ಮೈಯೊಳಗೆ ಇದ್ದಿರಬಹುದು, ಇಲ್ಲವೇ ಲಸಿಕೆಗೆ ಶಕ್ತಿ ಬರುವ ಮೊದಲೇ ತಗುಲಿರಬಹುದು. ಸೋಂಕು ತಗುಲಿ ಹುಣ್ಣು ಏಳಲು 2ರಿಂದ 14 ದಿನ ಬೇಕು. ಲಸಿಕೆಗೆ ಶಕ್ತಿ ಬರಲು ಎರಡು ಮೂರು ವಾರ ಬೇಕು. ಅದಕ್ಕೇ ಆರು ತಿಂಗಳಿಗೊಮ್ಮೆ ಹಾಕಿಸಿ, ರೋಗ ಬಂದ ಮೇಲೆ ಓಡಬೇಡಿ ಅನ್ನುವುದು.

ಗೌರಿ ಮನೆ: ಮೇಡಂ, ನಮ್ಮ ಹಸು ಏಳನೇ ತಿಂಗಳಿಗೆ ಗರ್ಭ ಇಳಿದು ಕಂದು ಹಾಕಿತು. ಹೋದ ತಿಂಗಳು ಇನ್ನೊಂದು ಹಸುವೂ ಹಾಗೇ ಮಾಡಿತ್ತು. ಎರಡಕ್ಕೂ ಕಸ (ಮಾಸು) ಬೀಳಲಿಲ್ಲ, ನಾನೇ ಕೈಹಾಕಿ ತೆಗೆದೆ. ನನಗೂ ಹತ್ತು ಹನ್ನೆರಡು ದಿನದಿಂದ ಸಂಜೆಯಾದರೆ ಜ್ವರ, ರಾತ್ರಿ ಬೆವರು, ಸೊಂಟನೋವು. ಹಸುವಿಗೆ ಯಾವ ಇಂಜೆಕ್ಷನ್ ಕೊಡಿಸಲಿ? ಇಲ್ಲ ಮಾರಿಬಿಡಲಾ?

ಪಶುವೈದ್ಯೆ: ಅಕ್ಕಾ, ಹಸುವಿನ ವಿಷಯ ಆಮೇಲೆ. ಮೊದಲು ನಿಮ್ಮ ಜ್ವರ. ನಾಳೆಯೇ ಆಸ್ಪತ್ರೆಗೆ ಹೋಗಿ. "ಹಸು ಕಂದು ಹಾಕಿತ್ತು, ಬರಿಗೈಯಲ್ಲಿ ಕಸ ತೆಗೆದಿದ್ದೇನೆ, ಬ್ರುಸೆಲ್ಲಾ ಪರೀಕ್ಷೆ ಮಾಡಿ" ಅಂತ ನೀವೇ ಬಾಯಿಬಿಟ್ಟು ಹೇಳಿ. ಬ್ರುಸೆಲ್ಲಾ ಅಂದರೆ ಕಂದು ರೋಗ, ಹಸುವಿನಿಂದ ಮನುಷ್ಯರಿಗೂ ತಗುಲುತ್ತದೆ. ಹೇಳದಿದ್ದರೆ ಟೈಫಾಯಿಡ್, ಮಲೇರಿಯಾ ಅಂತ ಹುಡುಕುತ್ತಾ ವಾರಗಟ್ಟಲೆ ಕಳೆಯಬಹುದು. ಬ್ರುಸೆಲ್ಲಾ ಆಗಿದ್ದರೆ ಔಷಧಿ ಇದೆ, ವಾಸಿಯೂ ಆಗುತ್ತದೆ. ಆದರೆ ಸಾಮಾನ್ಯವಾಗಿ ಆರು ವಾರ ನುಂಗಬೇಕು. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದರೆ ತಿರುಗಿ ಬರುತ್ತದೆ.

ಈಗ ಹಸು. ಒಂದೇ ಮನೆಯಲ್ಲಿ ಎರಡು ಹಸು ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿವೆ, ಎರಡಕ್ಕೂ ಕಸ ಬಿದ್ದಿಲ್ಲ. ಕಂದು ರೋಗದ ಅನುಮಾನ ನನಗೆ ಜಾಸ್ತಿ. ಬೇರೆ ಕಾರಣಗಳೂ ಇರುತ್ತವೆ, ಪರೀಕ್ಷೆ ಮಾಡದೆ ಹೇಳಬಾರದು. ರಕ್ತ ತೆಗೆದು ಕಳಿಸೋಣ. ಈಗಷ್ಟೇ ಕಂದು ಹಾಕಿದ ಹಸುವಿನಲ್ಲಿ ಮೊದಲ ಪರೀಕ್ಷೆ ತಪ್ಪಿಸಿಕೊಳ್ಳಬಹುದು. ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಬೇಕು.

ಇದನ್ನು ಹಸುವಿನಲ್ಲಿ ವಾಸಿ ಮಾಡುವ ಇಂಜೆಕ್ಷನ್ ಇಲ್ಲ. ನನಗೆ ಹೆಚ್ಚು ಭಯ ಇರುವುದು ಇದರಲ್ಲೇ. ಹಸು ಒಂದು ಸಲ ಕಂದು ಹಾಕುತ್ತದೆ, ಮುಂದಿನ ಸಲ ಚೆನ್ನಾಗಿಯೇ ಕರು ಹಾಕಬಹುದು. ನೋಡಿದವರು ಗುಣವಾಯಿತು ಅಂದುಕೊಳ್ಳುತ್ತಾರೆ. ಆದರೆ ಹಾಲಿನಲ್ಲಿ, ಕರು ಹಾಕುವಾಗಿನ ನೀರಿನಲ್ಲಿ ರೋಗಾಣು ಹೋಗುತ್ತಲೇ ಇರುತ್ತದೆ. ದಯವಿಟ್ಟು ಮಾರಬೇಡಿ. ಮಾರಿದರೆ ಇನ್ನೊಂದು ಮನೆಯ ಹೆಂಗಸಿಗೆ ಈ ಜ್ವರ ಕೊಟ್ಟಂತೆ. ಎರಡನ್ನೂ ಬೇರೆ ಕಟ್ಟಿ. ಹಾಲನ್ನು ಕಾಯಿಸಿ ಉಕ್ಕು ಬರಿಸದೆ ಯಾರೂ ಕುಡಿಯಬಾರದು. ಕಂದು, ಕಸ, ಅವು ಬಿದ್ದ ಹುಲ್ಲು ಎಲ್ಲ ಆಳವಾಗಿ ಹೂಳಿ, ನಾಯಿ ಎಳೆದಾಡಬಾರದು. ಇನ್ನು ಮುಂದೆ ಗ್ಲೌಸ್ ಇಲ್ಲದೆ ಕೈಹಾಕಬೇಡಿ.

ಮನೆಯಲ್ಲಿ 4ರಿಂದ 8 ತಿಂಗಳ ಹೆಣ್ಣುಕರು ಇದ್ದರೆ ಹೇಳಿ. ಬ್ರುಸೆಲ್ಲಾ ಲಸಿಕೆ ಜೀವನದಲ್ಲಿ ಒಂದೇ ಸಲ, ಆ ವಯಸ್ಸಿನಲ್ಲಿ ಮಾತ್ರ. 2019ರಿಂದ ಕಾಲುಬಾಯಿ ಲಸಿಕೆಯ ಜೊತೆ ಅದೂ ಕೇಂದ್ರದ ಕಾರ್ಯಕ್ರಮದಲ್ಲಿ ಉಚಿತವಾಗಿದೆ. ಗಬ್ಬದ ಹಸುವಿಗೆ, ಗಂಡುಕರುವಿಗೆ ಕೊಡುವುದಿಲ್ಲ.

ಕುರಿಹಟ್ಟಿ: ಪಿಪಿಆರ್ ಬಗ್ಗೆ ಕೇಳಿದ್ದೆ.

ಎತ್ತಿನ ಜೋಡಿ: ಸಂತೆ ಯಾಕೆ ಮುಚ್ಚಿದ್ದು ಅಂತ ಯಾರೂ ಹೇಳುತ್ತಿಲ್ಲ. ಸಾಲ ತೀರಿಸಲು ಎತ್ತು ಮಾರಬೇಕಿತ್ತು. ನನ್ನ ಎತ್ತು ಗಟ್ಟಿಮುಟ್ಟಾಗಿವೆ.

ತೋಟದ ಮನೆ: 2013ರಲ್ಲಿ ನಾನು ತಂದ ಹೋರಿಯೂ ಗಟ್ಟಿಮುಟ್ಟಾಗಿಯೇ ಇತ್ತು. ವಾರದೊಳಗೆ ಕೊಟ್ಟಿಗೆಯಲ್ಲಿ ಮೂರು ಸತ್ತವು. ಕರು ಕಣ್ಣೆದುರೇ ಹೋಯಿತು.

ಎತ್ತಿನ ಜೋಡಿ: ನಿಮ್ಮ ಹೋರಿಗೆ ನಾನು ಹೊಣೆಯಾ?

ತೋಟದ ಮನೆ: ಮಾರಿದವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾರಿದ. ನಿಮ್ಮಂಥವರಿಂದಲೇ ಊರು ಹಾಳಾಗುವುದು.

ಎತ್ತಿನ ಜೋಡಿ: ನಿಮ್ಮಂಥವರು ಅಂದರೆ ಏನ್ರೀ ಅರ್ಥ? ನೆಟ್ಟಗೆ ಮಾತಾಡಿ.

ಪಶುವೈದ್ಯೆ: ಎತ್ತು ಮಾರಬೇಕಾದವರ ಕಷ್ಟ ಸುಳ್ಳಲ್ಲ. ಆದರೆ ಕಾಲುಬಾಯಿ ಸೋಂಕು ತಗುಲಿದ ದನ ಹುಣ್ಣು ಕಾಣುವ ಮೊದಲೇ ರೋಗ ಹರಡುತ್ತಿರುತ್ತದೆ. ಸಂತೆಯಲ್ಲಿ ಹತ್ತೂರಿನ ದನ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಲ್ಲಿ ಸಂತೆ, ಜಾತ್ರೆ ನಿಲ್ಲಿಸುವ, ದನ ಸಾಗಿಸದಂತೆ ತಡೆಯುವ ಅಧಿಕಾರ ಇದೆ. ರೋಗ ಕಂಡರೆ ತಿಳಿಸುವುದು ಸಾಕಿದವರ ಹೊಣೆ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟಷ್ಟೂ ಸಂತೆ ತೆರೆಯುವುದು ತಡವಾಗುತ್ತದೆ.

ಹಳ್ಳಿಹೈದ: ಹಸುವಿನ ಕಿವಿಗೆ ನಂಬರಿನ ಓಲೆ ಹಾಕಿಸಿದರೆ ಕಿವಿ ಹರಿಯುತ್ತದೆ. ಅದೂ ಕಡ್ಡಾಯಾನಾ? ನಾವು ಎಷ್ಟು ಹಸು ಸಾಕಿದ್ದೇವೆ ಅಂತ ಲೆಕ್ಕ ಇಡಲು ಮಾಡಿದ್ದು.

ಎರಡು ಹಸು: 12 ಅಂಕಿಯ ಆ ನಂಬರ್ ಇಲ್ಲದೆ ಯಾವ ಹಸುವಿಗೆ ಲಸಿಕೆ ಆಗಿದೆ ಅಂತ ಹೇಗೆ ಗೊತ್ತಾಗಬೇಕು? ನೀವು ಎಲ್ಲದಕ್ಕೂ ಅಡ್ಡ ಮಾತಾಡುತ್ತೀರಿ.

ಹಳ್ಳಿಹೈದ: ನಿಮ್ಮನ್ನು ಕೇಳಲಿಲ್ಲ. ಸರಿ, ಚರ್ಮಗಂಟು ರೋಗಕ್ಕೆ ವೀಳ್ಯದೆಲೆ, ಮೆಣಸು, ಉಪ್ಪು ಸಾಕು, ಲಸಿಕೆ ಬೇಡ ಅಂತ ಇನ್ನೊಂದು ಬಂದಿದೆ.

ಪಶುವೈದ್ಯೆ: ಅದನ್ನು ತಿನ್ನಿಸಲು ನನ್ನ ಅಡ್ಡಿ ಇಲ್ಲ. "ಲಸಿಕೆ ಬೇಡ" ಅನ್ನುವುದು ತಪ್ಪು. 2022ರಲ್ಲಿ ಎಷ್ಟು ಹಸು ಹೋದವು ಅಂತ ನೆನಪಿಲ್ಲವಾ? ಮುಂದೆ ಇಂಥದ್ದು ಹಾಕಿದರೆ ನಾನು ಉತ್ತರಿಸುವುದಿಲ್ಲ.

ಹೊಸಮನೆ: ಗಬ್ಬದ ಹಸುವಿಗೆ ಲಸಿಕೆ ಹಾಕಿಸಬಹುದಾ ಮೇಡಂ?

ಪಶುವೈದ್ಯೆ: ಮೇಲೆ ಬರೆದಿದ್ದೇನೆ.

ಕೆರೆಯಂಚು: ಹಾಲು ಇಳಿಯುತ್ತದಾ?

ಪಶುವೈದ್ಯೆ: ಮೇಲೆ ಓದಿ.

ಎತ್ತಿನ ಜೋಡಿ: ತೋಟದ ಮನೆಯವರು ಮೊದಲು ಕ್ಷಮೆ ಕೇಳಲಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಗುಂಪಿನಿಂದ ತೆಗೆಯುತ್ತೇನೆ.

ಗೌರಿ ಮನೆ: ಮೇಡಂ, ಇನ್ನೊಂದು ಹೇಳಬೇಕಿತ್ತು. ಸೊಸೆ ಬಸುರಿ, ನಾಲ್ಕು ತಿಂಗಳು. ಹಾಲು ಕರೆಯುವುದು, ಕೊಟ್ಟಿಗೆ ಗುಡಿಸುವುದು ಈಗ ಅವಳೇ.

ಪಶುವೈದ್ಯೆ: ಈ ಕ್ಷಣದಿಂದ ಅವಳನ್ನು ಕೊಟ್ಟಿಗೆಗೆ ಕಳಿಸಬೇಡಿ. ಬಸುರಿಗೆ ಈ ಸೋಂಕು ತಗುಲಿದರೆ ಗರ್ಭ ಇಳಿಯಬಹುದು. ನಾಳೆ ಅವಳನ್ನೂ ಕರೆದುಕೊಂಡು ಹೋಗಿ, ಬಸುರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಔಷಧಿ ಬೇರೆ ಕೊಡಬೇಕಾಗುತ್ತದೆ. ಹಾಲು ಬೇರೆಯವರು ಕರೆಯಲಿ, ಕೈಯಲ್ಲಿ ಗಾಯ ಇರಬಾರದು. ನಾನು ಬೆಳಗ್ಗೆ ಏಳಕ್ಕೆ ನಿಮ್ಮ ಮನೆಗೆ ಬಂದು ಹಸುಗಳ ರಕ್ತ ತೆಗೆಯುತ್ತೇನೆ. ಅಷ್ಟರಲ್ಲಿ ಏನಾದರೂ ಆದರೆ, ಹಸುವಿಗಾದರೆ 1962ಕ್ಕೆ, ನಿಮಗೆ ಅಥವಾ ಸೊಸೆಗಾದರೆ 108ಕ್ಕೆ ಫೋನ್ ಮಾಡಿ.

ಗೌರಿ ಮನೆ: ಆಯ್ತು ಮೇಡಂ. ಅವಳನ್ನು ಒಳಗೆ ಕರೆದೆ.