ರಾತ್ರಿ ನಡಿಗೆಗೆ ಎಂಥ ಹೆಡ್‌ಲ್ಯಾಂಪ್ ತಗೋಬೇಕು? ಬಳಸಿದವರು ಹೇಳಿ

ಕೇಳಿದವರು:

ಕತ್ತಲಿರುವಾಗಲೇ ಹೊರಟು, ಸೂರ್ಯ ಹುಟ್ಟುವ ಹೊತ್ತಿಗೆ ಬೆಟ್ಟದ ತುದಿ ಸೇರುವ ಹುಚ್ಚು ಈಚೆಗೆ ಹಿಡಿದಿದೆ. ಈವರೆಗೆ ಮೊಬೈಲ್ ಟಾರ್ಚ್‌ನಲ್ಲೇ ಕಾಲ ಹಾಕಿದ್ದೇನೆ. ಬಂಡೆ ಹಿಡಿದು ಹತ್ತಬೇಕಾದ ಜಾಗ ಬಂದರೆ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಳ್ಳುವ ಪರಿಸ್ಥಿತಿ. ಹೆಡ್‌ಲ್ಯಾಂಪ್ ತಗೊಳ್ಳೋಣ ಅಂತ ನೋಡಿದರೆ ಒಂದರ ಮೇಲೆ 200 ಲ್ಯೂಮೆನ್, ಇನ್ನೊಂದರ ಮೇಲೆ 1,000, ಮತ್ತೊಂದರ ಮೇಲೆ 90,000 ಅಂತ ಬರೆದಿದೆ! ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಸೆಲ್ ಹಾಕುವುದಾ, ಚಾರ್ಜ್ ಮಾಡುವುದಾ? ಕೆಂಪು ಲೈಟ್ ನಿಜಕ್ಕೂ ಕೆಲಸಕ್ಕೆ ಬರುತ್ತದಾ, ಸುಮ್ನೆ ಅಲಂಕಾರವಾ? ಯಾವ ಕಂಪನಿ ಅನ್ನುವುದಕ್ಕಿಂತ ಏನು ನೋಡಿ ಕೊಳ್ಳಬೇಕು ಅನ್ನುವುದನ್ನು ಹೇಳಿ.

ಚಾರಣ ಮಾಡುವವರೊಬ್ಬರು:

ಮೊದಲು ಆ 90,000 ಅನ್ನು ಪಕ್ಕಕ್ಕಿಡಿ. ಹಣೆಗೆ ಕಟ್ಟುವ ಪುಟ್ಟ ದೀಪದಿಂದ ಅಷ್ಟು ಬೆಳಕು ಬರುವುದಿಲ್ಲ. ಬಂದರೆ ಹಣೆ ಉಳಿಯುವುದಿಲ್ಲ.

ಲ್ಯೂಮೆನ್ ಅಂದರೆ ದೀಪದಿಂದ ಹೊರಬೀಳುವ ಒಟ್ಟು ಬೆಳಕು ಅಷ್ಟೇ. ಆ ಬೆಳಕು ಒಂದು ಕಡೆಗೆ ಎಷ್ಟು ಬಿಗಿಯಾಗಿ ಹೋಗುತ್ತದೆ ಅನ್ನುವುದನ್ನು ಕ್ಯಾಂಡೆಲಾದಲ್ಲಿ ಅಳೆಯುತ್ತಾರೆ. 200 ಲ್ಯೂಮೆನ್‌ನ ದೀಪ ಅಗಲಕ್ಕೆ ಹರಡಿದರೆ ಕಾಲ ಸುತ್ತ ಚೆನ್ನಾಗಿ ಕಾಣುತ್ತದೆ, ದೂರ ಕಾಣುವುದಿಲ್ಲ. ಅದೇ 200 ಲ್ಯೂಮೆನ್ ಒಂದು ಚುಕ್ಕೆಯಾಗಿ ಹೋದರೆ ದೂರದ ಮರ ಕಾಣುತ್ತದೆ, ಪಾದದ ಹತ್ತಿರದ ಕಲ್ಲು ಕಾಣುವುದಿಲ್ಲ. ನಡಿಗೆಗೆ ಎರಡೂ ಬೇಕು, ಆದರೆ ಜಾಸ್ತಿ ಹೊತ್ತು ಬೇಕಾಗುವುದು ಹರಡುವ ಬೆಳಕು. ಎರಡೂ ಇರುವ ದೀಪ ಸಿಕ್ಕರೆ ಅದನ್ನೇ ತಗೊಳ್ಳಿ.

ಡಬ್ಬಿಯ ಮೇಲೆ ಎಫ್‌ಎಲ್‌1 ಅನ್ನುವ ಗುರುತು ಇದೆಯಾ ನೋಡಿ. 2009ರಲ್ಲಿ ಅಮೆರಿಕದಲ್ಲಿ ಬಂದ ಅಳತೆಯ ನಿಯಮ ಅದು. ಅದಿದ್ದರೆ ಬೇರೆ ಬೇರೆ ಕಂಪನಿಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಆದರೆ ಅಂಕಿಯ ಹಿಂದೆ ಏನಿದೆ ಅಂತ ತಿಳಿದಿರಬೇಕು. 'ಇಷ್ಟು ಮೀಟರ್ ದೂರ' ಅಂತ ಬರೆದಿರುತ್ತದಲ್ಲ, ಅದು ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ. ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಅಲ್ಲಿ ಏನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಾನಂತೂ ಬರೆದಿದ್ದರ ಅರ್ಧ ಅಂತ ಲೆಕ್ಕ ಹಾಕಿಕೊಳ್ಳುತ್ತೇನೆ.

ಇನ್ನೊಂದು ವಿಷಯ. 100 ಮೀಟರ್ ಮುಟ್ಟಲು 2,500 ಕ್ಯಾಂಡೆಲಾ ಸಾಕು. 200 ಮೀಟರ್ ಬೇಕಾದರೆ 10,000 ಬೇಕು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟು. ಹಾಗಾಗಿ ದೊಡ್ಡ ಲ್ಯೂಮೆನ್‌ಗೆ ಕೊಟ್ಟ ದುಡ್ಡು ನೀವು ಅಂದುಕೊಂಡಷ್ಟು ದೂರ ಹೋಗುವುದಿಲ್ಲ.

ಎಷ್ಟು ಗಂಟೆ ಉರಿಯುತ್ತದೆ ಅನ್ನುವ ಅಂಕಿಯೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು. ಬೆಳಕು ಶುರುವಿನ ಶೇ. 10ಕ್ಕೆ ಇಳಿಯುವವರೆಗಿನ ಸಮಯ ಅದು. 400 ಲ್ಯೂಮೆನ್‌ನಲ್ಲಿ 6 ಗಂಟೆ ಅಂತ ಬರೆದಿದ್ದರೆ, ಆರನೇ ಗಂಟೆಯ ಕೊನೆಗೆ 40 ಲ್ಯೂಮೆನ್ ಬರುತ್ತಿರುತ್ತದೆ. 400 ಎಷ್ಟು ಹೊತ್ತು ನಿಂತಿತ್ತು ಅಂತ ಆ ಅಂಕಿ ಹೇಳುವುದೇ ಇಲ್ಲ. ಕೆಲವು ಕಂಪನಿಗಳು ಗಂಟೆಗೆ ಎಷ್ಟು ಬೆಳಕು ಅಂತ ಗೆರೆ ಎಳೆದ ನಕ್ಷೆ ಕೊಡುತ್ತವೆ. ಅದನ್ನು ನೋಡಿ. ಗೆರೆ ಬಹಳ ಹೊತ್ತು ಸಪಾಟಾಗಿದ್ದರೆ ಒಳ್ಳೆಯ ದೀಪ. ಮೊದಲ ಕೆಲವೇ ನಿಮಿಷದಲ್ಲಿ ಜಾರುಬಂಡೆ ಇಳಿದ ಹಾಗೆ ಇಳಿದಿದ್ದರೆ ಆ ದೊಡ್ಡ ಸಂಖ್ಯೆ ಡಬ್ಬಿಗೆ ಮಾತ್ರ.

ನನ್ನ ಲೆಕ್ಕ ಹೀಗಿದೆ. ಗೊತ್ತಿರುವ ಹಾದಿಯಲ್ಲಿ ನಡೆಯಲು 50ರಿಂದ 150 ಲ್ಯೂಮೆನ್. ಡೇರೆಯೊಳಗೆ 5, 10 ಸಾಕು. ಹಾದಿ ಎಲ್ಲಿ ತಿರುಗಿತು ಅಂತ ಹುಡುಕುವಾಗ 300, 400, ಅದೂ ಒಂದು ಕ್ಷಣಕ್ಕೆ. ಹಾಗಾಗಿ ದೀಪದ ಅತಿ ದೊಡ್ಡ ಬೆಳಕಿಗಿಂತ ಅತಿ ಸಣ್ಣ ಬೆಳಕು ಎಷ್ಟು ಅಂತ ಮೊದಲು ನೋಡಿ. 50ಕ್ಕಿಂತ ಕೆಳಗೆ ಇಳಿಯದ ದೀಪ ಡೇರೆಯಲ್ಲಿ ಎಲ್ಲರಿಂದಲೂ ಬೈಗುಳ ತಿನ್ನಿಸುತ್ತದೆ.

ಸೆಲ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರೊಬ್ಬರು:

ಚಾರ್ಜ್ ಆಗುವುದನ್ನೇ ತಗೊಳ್ಳಿ, ಆದರೆ ಸೆಲ್ ಹೊರಗೆ ತೆಗೆಯಲು ಬರುವಂಥದ್ದು. 18650 ಅಂತ ಒಂದು ಲಿಥಿಯಂ ಅಯಾನ್ ಸೆಲ್ ಇದೆ. ಹೆಸರೇ ಅಳತೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. 3,000 ಎಂಎಎಚ್‌ನ ಒಂದು ಸೆಲ್‌ನಲ್ಲಿ 3.6 ವೋಲ್ಟ್ ಲೆಕ್ಕಕ್ಕೆ ಸುಮಾರು 10.8 ವ್ಯಾಟ್-ಅವರ್ ಶಕ್ತಿ ಇರುತ್ತದೆ. 800 ಎಂಎಎಚ್‌ನ ರೀಚಾರ್ಜ್ ಆಗುವ ಮೂರು ಎಎಎ ಸೆಲ್ ಸೇರಿಸಿದರೂ 2.9 ದಾಟುವುದಿಲ್ಲ. ತೂಕದಲ್ಲಿ ಅಂಥ ವ್ಯತ್ಯಾಸ ಇಲ್ಲ.

ಒಳಗೇ ಸೀಲ್ ಆಗಿರುವ ಬ್ಯಾಟರಿಯ ದೀಪ ಹಗುರವಾಗಿರುತ್ತದೆ, ಅದು ನಿಜ. ಆದರೆ ಆ ಬ್ಯಾಟರಿ ಸತ್ತ ದಿನ ದೀಪವೂ ಸತ್ತ ಹಾಗೆ.

ಒಂದು ಎಚ್ಚರಿಕೆ. 14500 ಅನ್ನುವ ಲಿಥಿಯಂ ಸೆಲ್ ನೋಡಲು ಮಾಮೂಲಿ ಎಎ ಸೆಲ್‌ನಷ್ಟೇ ಇರುತ್ತದೆ. ಆದರೆ ಅದು 3.6 ವೋಲ್ಟ್ ಮೇಲೆ, ಎಎ 1.5. ದೀಪದ ಜೊತೆ ಬಂದ ಕಾಗದದಲ್ಲಿ ಹಾಕಬಹುದು ಅಂತ ಬರೆಯದಿದ್ದರೆ ಹಾಕಬೇಡಿ. ಸರ್ಕ್ಯೂಟ್ ಸುಡುತ್ತದೆ.

ಇನ್ನು ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಎಲ್ಲ ಚಾರ್ಜರ್‌ಗೂ ಒಗ್ಗುತ್ತದೆ ಅಂತಿಲ್ಲ. ಅಗ್ಗದ ದೀಪಗಳಲ್ಲಿ ಎರಡು ಸಣ್ಣ ರೆಸಿಸ್ಟರ್ ಹಾಕುವುದನ್ನು ಉಳಿಸಿರುತ್ತಾರೆ. ಆಗ ಎರಡೂ ಕಡೆ ಸಿ ಇರುವ ಕೇಬಲ್‌ನಲ್ಲಿ ಅದು ಚಾರ್ಜೇ ಆಗುವುದಿಲ್ಲ, ಹಳೆಯ ಎ ತುದಿಯ ಕೇಬಲ್ ಬೇಕು. ಪವರ್ ಬ್ಯಾಂಕ್ ನಂಬಿ ಹೊರಡುವ ಮುಂಚೆ ಮನೆಯಲ್ಲೇ ಚುಚ್ಚಿ ನೋಡಿ.

ಚಳಿ ಜಾಗಕ್ಕೆ ಹೋಗುವವರೊಬ್ಬರು:

ಮೇಲಿನವರ ಲೆಕ್ಕ ಸರಿಯೇ. ಆದರೂ ನಾನು ಎಎಎ ಹಾಕುವ ದೀಪವನ್ನು ಬಿಟ್ಟಿಲ್ಲ. ಅದಕ್ಕೆ ಕಾರಣ ಬಿಸಾಡುವ ಲಿಥಿಯಂ ಸೆಲ್. ಆಲ್ಕಲೈನ್ ಅಲ್ಲ, ಲಿಥಿಯಂ ಅಂತಲೇ ಬರೆದಿರುವ 1.5 ವೋಲ್ಟ್‌ನವು. ತೂಕ ಕಡಿಮೆ, ವರ್ಷಗಟ್ಟಲೆ ಇಟ್ಟರೂ ಶಕ್ತಿ ಸೋರುವುದಿಲ್ಲ, ಹೆಪ್ಪುಗಟ್ಟುವ ಚಳಿಯಲ್ಲೂ ಕೆಲಸ ಮಾಡುತ್ತವೆ. ಆಲ್ಕಲೈನ್ ಸೆಲ್ ಚಳಿಗೆ ಬೇಗ ಸೋಲುತ್ತದೆ. ರೀಚಾರ್ಜ್ ಆಗುವ ಲಿಥಿಯಂ ಅಯಾನ್ ಕೂಡ ಸೊರಗುತ್ತದೆ, ಮತ್ತೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು, ಸೆಲ್ ಒಳಗೇ ಹಾಳಾಗುತ್ತದೆ. ಅಂಥ ಜಾಗದಲ್ಲಿ ದೀಪವನ್ನು ಮೈಗೆ ತಾಗುವ ಜೇಬಿನಲ್ಲಿ ಇಟ್ಟುಕೊಂಡು ಮಲಗುತ್ತೇನೆ.

ಯಾವುದೇ ಸೆಲ್ ಇರಲಿ, ಹಳೆಯದು ಹೊಸದು ಬೆರೆಸಬೇಡಿ. ಆಲ್ಕಲೈನ್ ಹಾಕಿದ್ದರೆ ಮನೆಗೆ ಬಂದ ಮೇಲೆ ತೆಗೆದಿಡಿ. ಅದರಿಂದ ಸೋರುವ ಕ್ಷಾರ ತಗಡನ್ನೆಲ್ಲ ತಿಂದುಹಾಕುತ್ತದೆ.

ನಕ್ಷತ್ರ ನೋಡುವವರೊಬ್ಬರು:

ಕೆಂಪು ಲೈಟ್ ಅಲಂಕಾರ ಅಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ. ಬಿಳಿ ಬೆಳಕು ಒಂದು ಸಲ ಕಣ್ಣಿಗೆ ಬಿದ್ದರೆ ಅಷ್ಟೂ ಹೋಯಿತು. ಮಂದ ಬೆಳಕಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಕಡು ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಅದಕ್ಕೇ ಆ ಹೊಂದಾಣಿಕೆ ಉಳಿಯುತ್ತದೆ. ಆದರೆ ಕೆಂಪು ಅಂತ ಜೋರಾಗಿ ಹಚ್ಚಿದರೆ ಪ್ರಯೋಜನ ಇಲ್ಲ. ಮಂದವಾಗಿರಬೇಕು.

ಕೊಳ್ಳುವಾಗ ಒಂದೇ ಒಂದು ಪರೀಕ್ಷೆ ಮಾಡಿ: ದೀಪ ಆರಿದ್ದಾಗ ನೇರವಾಗಿ ಕೆಂಪು ಹೊತ್ತಿಸಲು ಬರುತ್ತದಾ? ಬಿಳಿಯ ಮೂರು ಹಂತ ದಾಟಿ ಕೆಂಪಿಗೆ ಬರಬೇಕಾದರೆ ಆ ಕೆಂಪು ಇದ್ದೂ ಇಲ್ಲದ ಹಾಗೆ.

ಕೆಂಪಿನ ಕೆಟ್ಟ ಗುಣವೂ ಇದೆ. ನಕ್ಷೆಯ ಮೇಲಿನ ಕೆಂಪು, ಕಂದು ಗೆರೆಗಳು ಅದರಲ್ಲಿ ಮಾಯವಾಗುತ್ತವೆ. ಗಾಯದ ರಕ್ತವೂ ಸರಿಯಾಗಿ ಗೊತ್ತಾಗುವುದಿಲ್ಲ. ಆಗ ಮಂದ ಬಿಳಿಯೇ ಬೇಕು. ಹುಳಗಳು ಕೆಂಪಿಗೆ ಕಡಿಮೆ ಮುತ್ತುತ್ತವೆ, ಅದೊಂದು ಲಾಭ.

ಕಪ್ಪೆ, ಜೇಡ ಹುಡುಕುವವರೊಬ್ಬರು:

ಎಲ್ಲರೂ ಯಾವ ದೀಪ ಅಂತ ಹೇಳುತ್ತಿದ್ದೀರಿ. ಅದನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಅನ್ನುವುದು ಇನ್ನೂ ದೊಡ್ಡ ವಿಷಯ.

ಹಣೆಯ ಮೇಲಿನ ದೀಪ ಕಣ್ಣಿಗೆ ತೀರ ಹತ್ತಿರ. ಪ್ರಾಣಿಗಳ ಕಣ್ಣಿಗೆ ಬಿದ್ದ ಬೆಳಕು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಹಾಗಾಗಿ ಅದು ನೇರ ನಿಮ್ಮ ಕಣ್ಣಿಗೇ ಸಿಗುತ್ತದೆ. ಹುಲ್ಲಿನಲ್ಲಿ ಕೂತ ಪುಟ್ಟ ಜೇಡದ ಕಣ್ಣೂ ಮಿಣ್ಣಗೆ ಹೊಳೆಯುತ್ತದೆ. ಅದೇ ದೀಪವನ್ನು ಕೈ ಚಾಚಿ ದೂರ ಹಿಡಿದರೆ ಆ ಹೊಳಪು ಮಾಯ. ಇದು ನನ್ನಂಥವರಿಗೆ ವರ.

ಆದರೆ ನಡೆಯುವವರಿಗೆ ಇದೇ ತೊಂದರೆ. ಬೆಳಕು ಬರುವ ಕಡೆಯಿಂದಲೇ ನೋಡಿದರೆ ನೆರಳು ಕಾಣುವುದಿಲ್ಲ, ಪ್ರತಿ ಕಲ್ಲೂ ತನ್ನ ನೆರಳನ್ನು ತನ್ನ ಹಿಂದೆ ಮುಚ್ಚಿಡುತ್ತದೆ. ನೆರಳಿಲ್ಲದಿದ್ದರೆ ಗುಂಡಿ ಯಾವುದು, ಉಬ್ಬು ಯಾವುದು ಅಂತ ತಿಳಿಯುವುದಿಲ್ಲ, ಎಲ್ಲ ಚಪ್ಪಟೆ. ಕಲ್ಲಿನ ಇಳಿಜಾರು ಬಂದಾಗ ದೀಪವನ್ನು ತಲೆಯಿಂದ ತೆಗೆದು ಸೊಂಟದ ಪಟ್ಟಿಗೆ ಸಿಕ್ಕಿಸಿ, ಇಲ್ಲ ಕೈಯಲ್ಲಿ ಕೆಳಗೆ ಹಿಡಿದು ನೋಡಿ. ನೆಲ ಎದ್ದು ಕಾಣುತ್ತದೆ. ಬೆಳಕಿನ ಹಂತವನ್ನು ಎರಡು ಪಟ್ಟು ಏರಿಸಿದರೂ ಈ ವ್ಯತ್ಯಾಸ ಬರುವುದಿಲ್ಲ.

ಬೆಳಕಿನ ಬಣ್ಣವನ್ನೂ ಗಮನಿಸಿ. ನೀಲಿ ಛಾಯೆಯ ಬಿಳಿಯಲ್ಲಿ ಒಣ ಎಲೆ, ಮಣ್ಣು, ಬೇರು ಎಲ್ಲ ಒಂದೇ ಬೂದು. 4,000 ಕೆಲ್ವಿನ್ ಆಸುಪಾಸಿನ ತುಸು ಹಳದಿ ಬೆಳಕು, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವುದಕ್ಕೆ 100ರೊಳಗಿನ ಅಂಕ) 90ಕ್ಕಿಂತ ಮೇಲಿದ್ದರೆ, ಬಣ್ಣಗಳನ್ನು ಬಿಡಿಸಿ ತೋರಿಸುತ್ತದೆ. ಕಾಲಿಟ್ಟದ್ದು ಬೇರಿನ ಮೇಲೋ ಹಾವಿನ ಮೇಲೋ ಅಂತ ಗೊತ್ತಾಗುವುದು ಒಳ್ಳೆಯದೇ ಅಲ್ವಾ.

ಕೇಳಿದವರು:

ಸೊಂಟಕ್ಕೆ ಕಟ್ಟುವ ವಿಷಯ ತಲೆಗೇ ಹೊಳೆದಿರಲಿಲ್ಲ. ನಾನು ಹೋಗುವ ಬೆಟ್ಟದಲ್ಲಿ ಮಂಜು ಜಾಸ್ತಿ. ಮೊಬೈಲ್ ಟಾರ್ಚ್ ಹಾಕಿದರೆ ಎದುರಿಗೆ ಬರೀ ಬಿಳಿ ಗೋಡೆ. ಅದಕ್ಕಾದರೂ ಜೋರು ಬೆಳಕು ಬೇಕಲ್ಲವೇ?

ಕಪ್ಪೆ, ಜೇಡ ಹುಡುಕುವವರು:

ಬೇಡ, ಅಲ್ಲಂತೂ ಇನ್ನೂ ಕಡಿಮೆ ಬೇಕು. ಮಂಜು ಅಂದರೆ ನೀರಿನ ಸಣ್ಣ ಹನಿಗಳು. ಪ್ರತಿ ಹನಿಯೂ ಬೆಳಕನ್ನು ವಾಪಸ್ ಎಸೆಯುತ್ತದೆ. ಜೋರು ಮಾಡಿದಷ್ಟೂ ಗೋಡೆ ಬೆಳ್ಳಗಾಗುತ್ತದೆ. ಬೆಳಕು ತಗ್ಗಿಸಿ, ದೀಪವನ್ನು ಕಣ್ಣಿನಿಂದ ಆದಷ್ಟು ದೂರ, ಮೊಣಕಾಲಿನ ಎತ್ತರಕ್ಕೆ ಹಿಡಿದು ನೆಲದ ಕಡೆ ತಿರುಗಿಸಿ. ಮಳೆಗೂ ಧೂಳಿಗೂ ಇದೇ ಮದ್ದು. ಚಳಿಯಲ್ಲಿ ನಿಮ್ಮ ಉಸಿರೇ ಮಂಜಾಗುತ್ತದೆ. ಸುತ್ತಲ ಬೆಳಕು ನೋಡಿ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಸೆನ್ಸರ್ ದೀಪಗಳು ಇಂಥ ಹೊತ್ತಲ್ಲಿ ಗೊಂದಲಕ್ಕೆ ಬೀಳುತ್ತವೆ. ಸೆನ್ಸರ್ ಆರಿಸಿಬಿಡಿ.

ರಾತ್ರಿ ಓಡುವವರೊಬ್ಬರು:

ನಡೆಯುವವರಿಗಿಂತ ನಮ್ಮ ಪಾಡು ಬೇರೆ. ವೇಗ ಹೆಚ್ಚಾದ್ದರಿಂದ ಮುಂದೆ ದೂರ ಕಾಣಬೇಕು, 200ರಿಂದ 400 ಲ್ಯೂಮೆನ್ ಖಂಡಿತ ಬೇಕು. ಆದರೆ ಕುಣಿಯುವ ದೀಪದ 400ಕ್ಕಿಂತ ಅಲುಗದ ದೀಪದ 200 ಮೇಲು. 100 ಗ್ರಾಂ ಒಳಗಿದ್ದರೆ ಒಂದೇ ಪಟ್ಟಿ ಸಾಕು. 150 ದಾಟಿದರೆ ನೆತ್ತಿಯ ಮೇಲೊಂದು ಪಟ್ಟಿ ಬೇಕು, ಬ್ಯಾಟರಿ ತಲೆಯ ಹಿಂದಿದ್ದರೆ ತೂಕ ಸಮ ಆಗುತ್ತದೆ. ತೊಟ್ಟುಕೊಂಡು ಅಂಗಡಿಯಲ್ಲೇ ಜಿಗಿದು ನೋಡಿ, ಯಾರು ನಕ್ಕರೂ ಪರವಾಗಿಲ್ಲ.

ಜೋರು ಹಂತದಲ್ಲಿ ದೀಪ ಬಿಸಿಯಾಗುತ್ತದೆ, ಬಿಸಿಯಾದರೆ ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಓಡುವಾಗ ಗಾಳಿ ತಣಿಸುತ್ತದೆ, ನಿಂತಲ್ಲೇ ನಿಂತವರಿಗೆ ಬೇಗ ಇಳಿಯುತ್ತದೆ. ಕೆಟ್ಟುಹೋಯಿತು ಅಂತ ಗಾಬರಿಯಾಗಬೇಡಿ.

ಗುಂಪು ಕರೆದುಕೊಂಡು ಹೋಗುವವರೊಬ್ಬರು:

ಎಲ್ಲ ತಾಂತ್ರಿಕ ವಿಷಯ ಬಂದಾಯಿತು, ನಾನು ಬಳಕೆಯದ್ದು ಹೇಳುತ್ತೇನೆ.

ಮಾತಾಡಿಸಲು ತಿರುಗಿದಾಗ ದೀಪ ಕೆಳಗೆ ಬಾಗಿಸಿ. ಹೊಸಬರು ಎದುರಿನವರ ಮುಖ ನೋಡುತ್ತಾರೆ, ಅವರ ಕಣ್ಣಿಗೆ ಬೆಳಕು ರಾಚುತ್ತದೆ, ಪಾಪ ಅವರು ಮುಂದಿನ ಹತ್ತು ಹೆಜ್ಜೆ ಕುರುಡರು. ಸಾಲಾಗಿ ನಡೆಯುವಾಗ ಮುಂದಿನವರ ಹಿಮ್ಮಡಿಯ ಮೇಲೆ ಬೆಳಕು ಬಿಟ್ಟರೂ ತೊಂದರೆಯೇ, ಅವರ ನೆರಳು ಅವರ ಹಾದಿಯ ಮೇಲೇ ಬೀಳುತ್ತದೆ. ನಿಮ್ಮ ಕಾಲ ಮುಂದೆ ಮಾತ್ರ ಬಿಡಿ.

ಲಾಕ್ ಇರುವ ದೀಪ ತಗೊಳ್ಳಿ. ಚೀಲದೊಳಗೆ ಬಟನ್ ಒತ್ತಿಹೋಗಿ ದಾರಿಯಲ್ಲೇ ಖಾಲಿಯಾಗುವುದು ಎಷ್ಟೋ ಜನರಿಗೆ ಆಗಿದೆ. ಲಾಕ್ ಇಲ್ಲದಿದ್ದರೆ ಒಂದು ಸೆಲ್ ತೆಗೆದಿಡಿ.

ನೀರಿನ ವಿಷಯಕ್ಕೆ ಐಪಿಎಕ್ಸ್4 ಇದ್ದರೆ ಮಳೆಗೆ ಸಾಕು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಹೊಳೆ ದಾಟುವವರಿಗೆ ಅದು.

ಹೆಚ್ಚುವರಿ ಸೆಲ್‌ಗಿಂತ ಹೆಚ್ಚುವರಿ ದೀಪ ಒಯ್ಯಿರಿ, ಪುಟ್ಟದಾದರೂ ಸರಿ. ಕಗ್ಗತ್ತಲಲ್ಲಿ ಸೆಲ್ ಬದಲಾಯಿಸಲು ಇನ್ನೊಂದು ಬೆಳಕು ಬೇಕು, ನಿಮ್ಮ ಗುಂಪಿನಲ್ಲಿ ಯಾರದ್ದಾದರೂ ಕೆಟ್ಟರೆ ಕೊಡಲೂ ಆಗುತ್ತದೆ. ಅದನ್ನು ಚೀಲದ ತಳದಲ್ಲಿ ಹೂಳಬೇಡಿ, ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗುವ ಜೇಬಿನಲ್ಲಿರಲಿ.

ಬೆಟ್ಟದಲ್ಲಿ ಸಹಾಯ ಬೇಕಾದಾಗ ಕೊಡುವ ಸಂಕೇತವನ್ನೂ ಕಲಿತಿಟ್ಟುಕೊಳ್ಳಿ. ಒಂದು ನಿಮಿಷದಲ್ಲಿ 6 ಸಲ ಮಿನುಗಿಸಿ, ಒಂದು ನಿಮಿಷ ಬಿಟ್ಟು, ಮತ್ತೆ 6 ಸಲ. ನೋಡಿದವರು ನಿಮಿಷಕ್ಕೆ 3 ಸಲ ಮಿನುಗಿಸಿ ಉತ್ತರ ಕೊಡುತ್ತಾರೆ. ಉತ್ತರ ಬಂದ ಮೇಲೂ ನಿಲ್ಲಿಸಬೇಡಿ, ಅವರು ನಿಮ್ಮ ಜಾಗ ಹುಡುಕಲು ಅದನ್ನೇ ನೋಡಿಕೊಂಡು ಬರಬೇಕು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. 90,000 ಬಿಟ್ಟೆ. ಹರಡುವ ಬೆಳಕು, 18650 ಸೆಲ್, ಕೆಂಪಿಗೆ ಬೇರೆ ಬಟನ್, ಲಾಕ್ ಇಷ್ಟು ನೋಡಿ ತಗೊಳ್ಳುತ್ತೇನೆ. ಒಂದು ಸಣ್ಣ ಪ್ರಶ್ನೆ ಉಳಿಯಿತು. ಕನ್ನಡಕ ಹಾಕುತ್ತೇನೆ, ತೊಂದರೆ ಆಗುತ್ತದಾ?

ಚಾರಣ ಮಾಡುವವರು:

ನಾನೂ ಕನ್ನಡಕದವನೇ. ಹರಡುವ ಬೆಳಕು ಮೇಲಿನಿಂದ ಗಾಜಿಗೆ ತಾಗಿದರೆ ಅದರ ಮೇಲಿನ ಧೂಳು, ಗೀರು ಎಲ್ಲ ಹೊಳೆಯುತ್ತವೆ. ದೀಪವನ್ನು ಹುಬ್ಬಿನ ಹತ್ತಿರ ಕಟ್ಟದೆ ಹಣೆಯ ಮೇಲ್ಭಾಗಕ್ಕೆ ಸರಿಸಿ, ಕೆಳಗೊಂದು ಗಿಡ್ಡ ಅಂಚಿನ ಟೋಪಿ ಹಾಕಿಕೊಳ್ಳಿ. ಅಂಚು ಗಾಜಿಗೆ ನೆರಳು ಕೊಡುತ್ತದೆ. ಉದ್ದ ಅಂಚಿನದ್ದಾದರೆ ಪಾದದ ಮುಂದಿನ ನೆಲವೂ ಕತ್ತಲಾಗುತ್ತದೆ, ಅದು ಬೇಡ.