ಸನ್‌ಪ್ಯಾಕ್ ಶೀಟಿಗೆ (ಒಳಗೆ ಟೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ) ವಿನೈಲ್ ಸ್ಟಿಕರ್ ಹಚ್ಚಿದರೆ ಗುಳ್ಳೆ ಬರುತ್ತಿದೆ, ಮೂಲೆ ಏಳುತ್ತಿದೆ. ಬೇಗ ಮುಗಿಸುವುದು ಹೇಗೆ?

ಹಾಸನ_ಬೋರ್ಡ್:
ಶಾಲೆಯೊಂದರ ಅಡ್ಮಿಷನ್ ಬೋರ್ಡಿನ ಆರ್ಡರ್ ಸಿಕ್ಕಿದೆ. 2x2 ಅಡಿಯ 80 ಬೋರ್ಡ್, 4 ಎಂಎಂ ಸನ್‌ಪ್ಯಾಕ್, ಒಂದೇ ಕಡೆ ಪ್ರಿಂಟ್. ಶೀಟ್ ಮೊದಲೇ ಕತ್ತರಿಸಿಕೊಂಡು, ಸೋಪಿನ ನೀರು ಚಿಮುಕಿಸಿ, ಸ್ಕ್ವೀಜಿಯಲ್ಲಿ (ಒತ್ತಿ ಸವರುವ ಪಟ್ಟಿ) ಒಂದೊಂದೇ ಎಳೆಯುತ್ತಿದ್ದೇನೆ. ಒಂದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಗೆರೆಗಳ ನಡುವೆ ಉದ್ದುದ್ದ ಗುಳ್ಳೆ ಉಳಿಯುತ್ತದೆ. ನಿನ್ನೆ ಹಚ್ಚಿದ ಎಂಟರಲ್ಲಿ ಮೂರರ ಮೂಲೆ ಬೆಳಿಗ್ಗೆ ಎದ್ದಿತ್ತು. ಶನಿವಾರ ಕೊಡಬೇಕು. ಅಂಗಡಿಯಲ್ಲಿ 51 ಇಂಚಿನ ಕೋಲ್ಡ್ ಲ್ಯಾಮಿನೇಷನ್ ಮಷಿನ್ (ಬಿಸಿಯಿಲ್ಲದೆ ಎರಡು ರೋಲರ್ ನಡುವೆ ಒತ್ತಿ ಅಂಟಿಸುವುದು) ಇದೆ, ಅದರಿಂದ ಏನಾದರೂ ಆಗುತ್ತಾ?

ಸ್ಟಿಕರ್_ಕೆಲಸ:
ಸರ್, ಮೊದಲು ನೀರು ಬಿಡಿ. ಗಾಜಿಗೆ ಅದು ಸರಿ. ಸನ್‌ಪ್ಯಾಕ್ ಅಂದರೆ ಪಾಲಿಪ್ರೊಪಿಲೀನ್, ಅದರ ಮೇಲೆ ಯಾವ ಅಂಟೂ ಸುಲಭವಾಗಿ ಕೂರುವುದಿಲ್ಲ. ಅದಕ್ಕೇ ಶೀಟ್ ಮಾಡುವಾಗಲೇ ಕರೋನಾ ಟ್ರೀಟ್‌ಮೆಂಟ್ (ಅಂಟು ಹಿಡಿಯಲೆಂದು ಮೇಲ್ಮೈಗೆ ವಿದ್ಯುತ್ ಹಾಯಿಸುವುದು) ಕೊಡುತ್ತಾರೆ, ಶೀಟ್ ಹಳೆಯದಾದ ಹಾಗೆ ಅದರ ಗುಣ ಇಳಿಯುತ್ತದೆ. ನಿಮ್ಮದು ಹಳೇ ಸ್ಟಾಕ್ ಆಗಿದ್ದರೆ ಒಂದು ತುಂಡಿಗೆ ಹಚ್ಚಿ ಮರುದಿನ ಎಳೆದು ನೋಡಿ. ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಸ್ಟ್ಯಾಟಿಕ್ ಹುಟ್ಟಿ ಧೂಳೆಲ್ಲ ಬಂದು ಕೂರುತ್ತದೆ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲಿ.

ಇನ್ನು ಕತ್ತರಿಸುವುದು ಕೊನೆಗೆ! ಎಂಟು ಬೋರ್ಡ್ ಒಟ್ಟಿಗೆ ಪ್ರಿಂಟ್ ಹಾಕಿ 8x4 ಶೀಟಿಗೆ ಇಡಿಯಾಗಿ ಹಚ್ಚಿ, ಆಗ ನಿಮಗೆ 80 ಸಲದ ಕೆಲಸ 10 ಸಲಕ್ಕೆ ಮುಗಿಯುತ್ತದೆ. ಪ್ರಿಂಟಿನ ಒಂದು ತುದಿಯಲ್ಲಿ ಹಿಂಬದಿಯ ಪೇಪರ್ ಎರಡು ಇಂಚು ಮಾತ್ರ ಮಡಚಿ, ಶೀಟಿನ 4 ಅಡಿ ಅಂಚಿಗೆ ನೇರವಾಗಿ ಕೂರಿಸಿ. ಆ ಅಂಚನ್ನೇ ಮೊದಲು ರೋಲರ್‌ಗೆ ಕೊಡಿ, ಉಳಿದ ವಿನೈಲನ್ನು ಮೇಲಿನ ರೋಲರ್ ಮೇಲೆ ಹೊದೆಸಿ, ಒಬ್ಬರು ಹ್ಯಾಂಡಲ್ ತಿರುಗಿಸುತ್ತಿದ್ದರೆ ಇನ್ನೊಬ್ಬರು ಪೇಪರನ್ನು ನಿಧಾನಕ್ಕೆ ಬಿಡಿಸುತ್ತಾ ಹೋಗಲಿ. ಶೀಟಿನೊಳಗಿನ ಗೆರೆ ಯಾವ ಕಡೆಗಿದೆಯೋ ರೋಲರ್ ಅದೇ ಕಡೆಗೆ ಓಡಬೇಕು, ಅಡ್ಡ ಓಡಿದರೆ ಗೆರೆ ಗೆರೆಗೂ ಗಾಳಿ ಸಿಕ್ಕಿಕೊಳ್ಳುತ್ತದೆ. ನಿಮಗೆ ಬಂದ ಉದ್ದ ಗುಳ್ಳೆ ಅದೇ ಇರಬೇಕು.

4 ಅಡಿ ರೋಲಿನಲ್ಲಿ ಅಂಚಿನವರೆಗೆ ಪ್ರಿಂಟ್ ಬರುವುದಿಲ್ಲ ಅಲ್ವಾ, ಬೋರ್ಡ್ 23 ಇಂಚಾದರೂ ಸರಿಯಾ ಅಂತ ಶಾಲೆಯವರನ್ನು ಕೇಳಿಬಿಡಿ.

ಪ್ರಿಂಟ್_ಮಂಡ್ಯ:
ಇಕೋ ಸಾಲ್ವೆಂಟ್ (ದ್ರಾವಕ ಆರಿ ಒಣಗುವ ಇಂಕ್) ಪ್ರಿಂಟ್ ಆಗಿದ್ದರೆ 24 ಗಂಟೆ ಬಿಡಿಸಿ ಹರಡಿ ಒಣಗಿಸಿ. ಸುತ್ತಿ ಇಟ್ಟರೆ ಸಾಲ್ವೆಂಟ್ ಹೊರಗೆ ಹೋಗದೆ ಅಂಟನ್ನು ಸಡಿಲ ಮಾಡುತ್ತದೆ, ಮೂಲೆ ಏಳುವುದಕ್ಕೆ ಅದೂ ಕಾರಣ.

ಹಾಸನ_ಬೋರ್ಡ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 23 ಇಂಚಿಗೆ ಒಪ್ಪಿದರು. ಹಳೆಯ ಎಂಟನ್ನೂ ಬಿಟ್ಟು ಹೊಸದಾಗಿಯೇ ಮಾಡಿದೆ. ಊಟ ಮುಗಿಸಿ ಶುರು ಮಾಡಿದ್ದು, ಸಂಜೆ ಆರಕ್ಕೆ ಹತ್ತೂ ಶೀಟ್ ಆಯಿತು. ಮೊದಲನೆಯದರಲ್ಲಿ ರೋಲರ್ ಜಾಸ್ತಿ ಬಿಗಿಯಾಗಿ ಶೀಟ್ ಅಪ್ಪಚ್ಚಿಯಾಯಿತು, ಆಮೇಲೆ ಸಡಿಲ ಮಾಡಿಕೊಂಡೆ. ಗುಳ್ಳೆ ಇಲ್ಲ. ಆದರೆ ಎರಡು ಶೀಟ್ ಸ್ವಲ್ಪ ಬಾಗಿವೆ, ಹೀಟ್ ಗನ್ ಹಿಡಿಯಲಾ?

ಸ್ಟಿಕರ್_ಕೆಲಸ:
ಬೇಡ ಸರ್, ಸನ್‌ಪ್ಯಾಕ್ ಬಿಸಿಗೆ ಸೊಟ್ಟಗಾಗುತ್ತದೆ. ಪೇಪರ್ ಬಿಡಿಸುವಾಗ ವಿನೈಲನ್ನೂ ಎಳೆದಿರುತ್ತೀರಿ, ಅದು ವಾಪಸ್ ಕುಗ್ಗುವಾಗ ಶೀಟನ್ನೂ ಬಗ್ಗಿಸುತ್ತದೆ. 23 ಇಂಚಿಗೆ ಕತ್ತರಿಸಿದ ಮೇಲೆ ಅಷ್ಟು ಕಾಣುವುದಿಲ್ಲ. ಆ ಬೋರ್ಡುಗಳಿಗೆ ಹಿಂದೆ ಮರದ ರೀಪರ್ (ತೆಳು ಪಟ್ಟಿ) ಕೊಟ್ಟು ಕಟ್ಟಿ.